ನೆಲ ಬಾಡಿಗೆಗೆ ಕೊಡುವ ಮುಂಚೆ ಕಾಗದ ಓದೋಣ

ಪಾರ್ಕ್ ಎಂದರೆ ಹೂವಿನ ಗಿಡ, ಕಲ್ಲುಬೆಂಚು, ಮಕ್ಕಳ ಜಾರುಬಂಡೆ ಇರುವ ಜಾಗ ಅಂತ ತಿಳಿದಿದ್ದವನು ನಾನು. ಈಗ ಎರಡು ಥರದ ಪಾರ್ಕ್ ನೋಡಿದ್ದೇನೆ. ಒಂದು ನಮ್ಮ ಪಾವಗಡ ತಾಲೂಕಿನದೇ, ತಿರುಮಣಿ ಕಡೆಯ ಸೋಲಾರ್ ಪಾರ್ಕ್. ಇನ್ನೊಂದು ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಆಫೀಸು ಪಾರ್ಕ್. ಎರಡೂ ನಡೆಯುವುದು ಬಾಡಿಗೆ ಕರಾರಿನ ಮೇಲೆ. ಆದರೆ ಬೆಂಗಳೂರಿನಲ್ಲಿ ಜಾಗ ಕೊಡುವವನು ಷರತ್ತು ಹೇಳುತ್ತಾನೆ, ನಮ್ಮಲ್ಲಿ ಜಾಗ ಹಿಡಿಯುವವರು ಹೇಳುತ್ತಾರೆ. ಹೀಗೇಕೆ ಅಂತ ಒಂದು ವರ್ಷದಿಂದ ತಲೆಯಲ್ಲಿ ಕೊರೀತಾ ಇತ್ತು. ಅದನ್ನೇ ಇಲ್ಲಿ ಬರೆದಿದ್ದೇನೆ.

ನಾನು ನಿಡುಗಲ್ ಬೆಟ್ಟ ಕಾಣುವ ಊರಿನವನು. ಏಳನೇ ಕ್ಲಾಸಿಗೆ ಓದು ನಿಲ್ಲಿಸಿದೆ. ಏಳು ಎಕರೆ ಹೊಲ ಇದೆ. ಮೇಲಿನ ನಾಲ್ಕು ಎಕರೆ ಗರಸು, ಕೆಳಗಿನ ಮೂರು ಎಕರೆ ಕೆಂಪು ಮಣ್ಣು. ಬೋರು ಎರಡು ಸಲ ಕೊರೆಸಿ ಎರಡು ಸಲವೂ ಧೂಳು ಕಂಡವನು. ಕಡ್ಲೆಕಾಯಿ, ಸಾಲಿನ ನಡುವೆ ತೊಗರಿ, ಅಲಸಂದೆ, ಅವರೆ. ಇಷ್ಟೇ ನನ್ನ ಬೇಸಾಯ.

ನಮ್ಮೂರು ಸೋಲಾರ್ ಪಾರ್ಕಿನ ಒಳಗೆ ಇಲ್ಲ. ಆದರೆ ಇನ್ನಷ್ಟು ಜಮೀನು ಗುತ್ತಿಗೆಗೆ ತಗೋತಾರಂತೆ ಎಂಬ ಮಾತು ಅರಳಿಕಟ್ಟೆಯಲ್ಲಿ ದಿನಾ ನಡೀತದೆ. ನನ್ನ ಮಗ "ಕೊಟ್ಟುಬಿಡೋಣ ಅಪ್ಪಾ, ಇದರಲ್ಲಿ ಏನು ಬರ್ತದೆ?" ಅಂತಾನೆ. ಅವನ ತಾಯಿ "ನೆಲ ಕೊಟ್ಟು ಬೆಳಗ್ಗೆ ಎದ್ದು ಏನು ಮಾಡ್ತೀರ?" ಅಂತಾಳೆ. ಇಬ್ಬರ ಮಾತಿನಲ್ಲೂ ನ್ಯಾಯ ಇದೆ. ನನ್ನ ಅಭಿಪ್ರಾಯ ಬೇರೆ. ಕೊಡಬೇಕೋ ಬೇಡವೋ ಎಂಬುದು ಎರಡನೇ ಪ್ರಶ್ನೆ. ಕಾಗದದಲ್ಲಿ ಏನು ಬರೆದಿದೆ ಎಂಬುದು ಮೊದಲನೇದು.

ಕೊಡುವವರದು ತಪ್ಪಲ್ಲ

ಪಟ್ಟಣದಲ್ಲಿ ಕೂತವರು "ರೈತರು ದುಡ್ಡಿನ ಆಸೆಗೆ ಭೂಮಿ ಕೊಟ್ಟರು" ಅಂತ ಬರೆಯೋದು ಸುಲಭ. ನನ್ನ ಹೊಲದ ಹತ್ತು ವರ್ಷದ ಲೆಕ್ಕ ಹೇಳ್ತೀನಿ ಕೇಳಿ. ನಾಲ್ಕು ವರ್ಷ ಬೆಳೆ ಕೈಗೆ ಬಂತು. ಮೂರು ವರ್ಷ ಬೀಜದ ದುಡ್ಡು ಮಾತ್ರ ಬಂತು. ಇನ್ನು ಮೂರು ವರ್ಷ ದನಕ್ಕೆ ಒಣಬಳ್ಳಿ ಸಿಕ್ಕಿದ್ದೇ ಲಾಭ. ಸಿರಾ, ಮಧುಗಿರಿ ಗಡಿಯ ಒಣಭೂಮಿಯವರು, ಕೊರಟಗೆರೆಯಲ್ಲಿ ಕೆರೆ ನೀರು ಸಿಗದ ಕಡೆಯವರು ಇದೇ ಲೆಕ್ಕ ಹೇಳ್ತಾರೆ. ಇಂಥ ನೆಲಕ್ಕೆ ವರ್ಷ ವರ್ಷ ತಪ್ಪದೆ ದುಡ್ಡು ಕೊಡ್ತೀವಿ ಅಂದರೆ ಬೇಡ ಅನ್ನೋದು ಕಷ್ಟ.

ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಕಡೆ ಆದದ್ದೂ ಅದೇ. ಐದು ಹಳ್ಳಿಯ ಸುಮಾರು 13,000 ಎಕರೆ. ಸರ್ಕಾರ ಅದನ್ನು ಕೊಂಡುಕೊಳ್ಳಲಿಲ್ಲ, ಸ್ವಾಧೀನ ಮಾಡಿಕೊಳ್ಳಲಿಲ್ಲ. ಸೋಲಾರ್ ಪಾರ್ಕಿಗೆಂದೇ ಮಾಡಿದ ಸರ್ಕಾರಿ ನಿಗಮ ರೈತರಿಂದ ಗುತ್ತಿಗೆಗೆ ಹಿಡಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, ಅವಧಿ 28 ವರ್ಷ. ಜಮೀನು ರೈತನ ಹೆಸರಿನಲ್ಲೇ ಉಳಿಯುತ್ತದೆ. ನಿಗಮ ರಸ್ತೆ, ವಿದ್ಯುತ್ ಸ್ಟೇಷನ್, ಲೈನು ಎಲ್ಲ ಮಾಡಿ, ನೆಲವನ್ನು ತುಂಡು ತುಂಡಾಗಿ ಕರೆಂಟ್ ಕಂಪನಿಗಳಿಗೆ ಕೊಟ್ಟಿತು. ಒಂದು ಮೆಗಾವಾಟಿಗೆ ಸುಮಾರು 5 ಎಕರೆ ಲೆಕ್ಕ. 2018ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು, 2019ರ ಕೊನೆಗೆ ಎರಡು ಸಾವಿರ ಮೆಗಾವಾಟ್ ದಾಟಿತು. ಭೂಮಿ ಮಾರಿಸುವುದಕ್ಕಿಂತ ಇದು ಎಷ್ಟೋ ಮೇಲು. ಇದನ್ನು ನಾನು ಮೊದಲೇ ಒಪ್ಪಿಕೊಂಡು ಮುಂದಿನ ಮಾತು ಹೇಳುತ್ತೇನೆ.

ಮನೆಯೊಳಗಿನ ಜಗಳ

ನನ್ನ ಅಕ್ಕನನ್ನು ಆ ಕಡೆಗೇ ಕೊಟ್ಟಿದ್ದೇವೆ. ಭಾವನವರ ಕುಟುಂಬದ ಆರು ಎಕರೆ ಪಾರ್ಕಿನೊಳಗೆ ಹೋಯಿತು. ದುಡ್ಡು ಬರುತ್ತದೆ. ಅದರ ಬಗ್ಗೆ ಭಾವನವರಿಗೆ ದೂರಿಲ್ಲ. ಕಷ್ಟ ಬಂದದ್ದು ಮನೆಯೊಳಗಿಂದ. ಪಹಣಿ ಇದ್ದದ್ದು ಅವರ ಅಣ್ಣನ ಹೆಸರಿನಲ್ಲಿ. ಮೂವತ್ತು ವರ್ಷದಿಂದ ಅಣ್ಣ ತಮ್ಮ ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಬೇರೆ ಬೇರೆ ಉಳುತ್ತಿದ್ದರು. ಬದು ನೋಡಿದರೆ ಯಾರದು ಯಾವುದು ಅಂತ ಊರಿಗೆಲ್ಲ ಗೊತ್ತಿತ್ತು. ಗುತ್ತಿಗೆ ದುಡ್ಡು ಬದು ನೋಡಿ ಬರಲಿಲ್ಲ, ಪಹಣಿ ನೋಡಿ ಬಂತು. ಎರಡು ವರ್ಷ ಅಣ್ಣ ತಮ್ಮ ಮಾತಾಡಲಿಲ್ಲ. ಒಂದು ಮದುವೆಗೂ ಹೋಗಿಬರಲಿಲ್ಲ. ಕೊನೆಗೆ ಹಿರಿಯರು ಕೂತು ವಿಭಾಗ ಪತ್ರ ಮಾಡಿಸಿದರು. ಅದೇ ಪತ್ರ ಗುತ್ತಿಗೆಗೆ ಮುಂಚೆ ಮಾಡಿಸಿದ್ದರೆ ಒಂದು ದಿನದ ಕೆಲಸವಾಗಿತ್ತು.

ಇನ್ನೊಂದು ಆಯಿತು. ಹೊಲ ಇಲ್ಲದ ಮೇಲೆ ಅಕ್ಕನ ಮಗನಿಗೆ ಊರಲ್ಲಿ ಕೆಲಸ ಇಲ್ಲ. ಐಟಿಐ ಮಾಡಿದ್ದ. ಬೆಂಗಳೂರಿಗೆ ಹೋಗಿ ವೈಟ್‌ಫೀಲ್ಡ್ ಕಡೆಯ ಆಫೀಸು ಪಾರ್ಕೊಂದರಲ್ಲಿ ಕಟ್ಟಡದ ಮೇಂಟೆನೆನ್ಸ್ ಕೆಲಸಕ್ಕೆ ಸೇರಿಕೊಂಡ. ಹೊಲ ಒಂದು ಪಾರ್ಕಿಗೆ, ಮಗ ಇನ್ನೊಂದು ಪಾರ್ಕಿಗೆ ಅಂತ ಅಕ್ಕ ನಗ್ತಾಳೆ. ನಗು ಪೂರ್ತಿ ನಗುವಲ್ಲ.

ಟವರು ಕಲಿಸಿದ ಪಾಠ

ಬೇರೆಯವರ ಮಾತು ಯಾಕೆ, ನನ್ನದೇ ಹೇಳ್ತೀನಿ. ಹದಿನೈದು ವರ್ಷದ ಹಿಂದೆ ಮೊಬೈಲ್ ಟವರಿಗೆ ಅಂತ ಎರಡು ಗುಂಟೆ ಜಾಗ ಬಾಡಿಗೆಗೆ ಕೊಟ್ಟೆ. ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. "ಸೈನ್ ಹಾಕಿ ಯಜಮಾನ್ರೆ, ಎಲ್ಲ ಕಡೆ ಇದೇ ಫಾರ್ಮು" ಅಂದರು. ಹಾಕಿದೆ. ಕೆಲವು ವರ್ಷ ಬಾಡಿಗೆ ಸರಿಯಾಗಿ ಬಂತು. ಆಮೇಲೆ ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತಂತೆ. ಬಾಡಿಗೆ ನಿಂತಿತು. ಹಳಬರನ್ನು ಕೇಳಿದರೆ ಹೊಸಬರ ಕಡೆ ಕೈ ತೋರಿಸಿದರು, ಹೊಸಬರು ಹಳಬರ ಕಡೆ ತೋರಿಸಿದರು. ಎರಡು ವರ್ಷದ ಬಾಡಿಗೆ ಹೋಯಿತು. ಟವರು ಬಿಚ್ಚಿಕೊಂಡು ಹೋದರು, ಕಾಂಕ್ರೀಟ್ ಕಟ್ಟೆ ಬಿಟ್ಟು ಹೋದರು. ಇವತ್ತಿಗೂ ಕುಂಟೆ ಹೊಡೆಯುವಾಗ ಎತ್ತು ಅದನ್ನು ಸುತ್ತಿಕೊಂಡೇ ಹೋಗಬೇಕು.

ಆಮೇಲೆ ಆ ಕಾಗದವನ್ನು ಹೈಸ್ಕೂಲ್ ಮೇಷ್ಟ್ರೊಬ್ಬರ ಹತ್ತಿರ ಓದಿಸಿದೆ. ಕಟ್ಟೆ ಕಿತ್ತು ಕೊಡಬೇಕು ಅಂತ ಎಲ್ಲೂ ಇರಲಿಲ್ಲ. ಕಂಪನಿ ಕೈ ಬದಲಾದರೆ ಬಾಡಿಗೆ ಯಾರು ಕೊಡಬೇಕು ಅಂತಲೂ ಇರಲಿಲ್ಲ. ಮೋಸ ಅಂತ ಕೂಗಾಡಲಿಕ್ಕೂ ಜಾಗ ಇಲ್ಲ. ನಾನು ಓದದೆ ಸೈನ್ ಹಾಕಿದ್ದೆ. ಎರಡು ಗುಂಟೆಗೆ ಇಷ್ಟಾದರೆ ಏಳು ಎಕರೆಗೆ ಏನಾದೀತು? ಈ ಹೆದರಿಕೆಯೇ ನನ್ನ ಕೈಯಲ್ಲಿ ಇದನ್ನು ಬರೆಸುತ್ತಿದೆ.

ವೈಟ್‌ಫೀಲ್ಡಿನಲ್ಲಿ ಕಂಡದ್ದು

ಹೋದ ವರ್ಷ ಕಣ್ಣಿನ ಆಸ್ಪತ್ರೆಗೆ ಬೆಂಗಳೂರಿಗೆ ಹೋದಾಗ ಅಕ್ಕನ ಮಗನನ್ನು ನೋಡಿಕೊಂಡು ಬಂದೆ. ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ಹತ್ತಿದರೆ ಅವನ ಕೆಲಸದ ಜಾಗದ ಹತ್ತಿರವೇ ಇಳಿಸುತ್ತದೆ. 2023ರಲ್ಲಿ ವೈಟ್‌ಫೀಲ್ಡಿನ ತನಕ ಮೆಟ್ರೊ ಬಂತು. ಅದೂ ಮೊದಲು ಹಳ್ಳಿ, ಹೊಲ, ತೋಟ ಇದ್ದ ಜಾಗವೇ. 1990ರ ದಶಕದಲ್ಲಿ ಭಾರತ, ಸಿಂಗಪುರದವರು ಸೇರಿ ಅಲ್ಲಿ ಐಟಿಪಿಎಲ್ ಕಟ್ಟಿದ ಮೇಲೆ ಸುತ್ತ ಆಫೀಸುಗಳ ಕಾಡೇ ಬೆಳೆಯಿತು.

ಹುಡುಗ ನನ್ನನ್ನು ಒಂದು ಖಾಲಿ ಮಹಡಿಗೆ ಕರೆದುಕೊಂಡು ಹೋದ. ಕಂಪನಿಯೊಂದು ಬಿಟ್ಟು ಹೋಗಿತ್ತು. ಒಂದು ಮೊಳೆ ಸಹ ಗೋಡೆಯಲ್ಲಿ ಇರಲಿಲ್ಲ.

"ಇಷ್ಟು ಚೊಕ್ಕಟ ಮಾಡಿದೋರು ಯಾರಪ್ಪಾ?" ಅಂದೆ.

"ಬಿಟ್ಟೋದೋರೇ ಮಾಮ. ತಗೊಂಡಾಗ ಹೆಂಗಿತ್ತೋ ಹಂಗೇ ಮಾಡಿಕೊಡಬೇಕು ಅಂತ ಅಗ್ರಿಮೆಂಟಲ್ಲೇ ಇರ್ತದೆ. ಇಲ್ಲಾಂದ್ರೆ ಡಿಪಾಜಿಟ್ಟು ಮುರ್ಕೋತಾರೆ" ಅಂದ.

ಅಲ್ಲಿಂದ ನನ್ನ ಪ್ರಶ್ನೆ ಶುರುವಾಯಿತು. ಅವನು ಆಫೀಸಿನಲ್ಲಿ ಕೇಳಿ ತಿಳಿದುಕೊಂಡದ್ದನ್ನೆಲ್ಲ ಹೇಳಿದ. ಆರರಿಂದ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಇಡಬೇಕು. ಸಾಮಾನ್ಯವಾಗಿ ಮೂರು ವರ್ಷ ಲಾಕ್-ಇನ್, ಅಂದರೆ ನಡುವೆ ಬಿಟ್ಟು ಹೋದರೂ ಆ ಮೂರು ವರ್ಷದ ಬಾಡಿಗೆ ಕಟ್ಟಲೇಬೇಕು. ಮೂರು ವರ್ಷಕ್ಕೊಮ್ಮೆ ಶೇ. 15ರಷ್ಟು ಏರಿಕೆ ಬರೆಸುವುದು ವಾಡಿಕೆ. ಕಸ, ನೀರು, ಲಿಫ್ಟು, ಕಾವಲಿನ ಖರ್ಚು ಬೇರೆ. ಒಳಬಾಡಿಗೆಗೆ ಕೊಡಬೇಕಾದರೆ ಮಾಲೀಕನ ಒಪ್ಪಿಗೆ ಬೇಕು. ಬಾಡಿಗೆ ಚದರ ಅಡಿ ಲೆಕ್ಕ, ಅದೂ ತಿಂಗಳಿಗೆ.

ಊರಿಗೆ ಬಂದು ನಾನೂ ಚದರ ಅಡಿ ಲೆಕ್ಕ ಹಾಕಿದೆ. ಎಕರೆ ಅಂದರೆ 43,560 ಚದರ ಅಡಿ. ವರ್ಷಕ್ಕೆ 21,000 ಅಂದರೆ ಚದರ ಅಡಿಗೆ ತಿಂಗಳಿಗೆ ನಾಲ್ಕು ಪೈಸೆ. ನಗಬೇಡಿ. ಅದು ಏಸಿ ಹಾಕಿದ ಕಟ್ಟಡ, ಇದು ಬರಡು ನೆಲ. ಬೆಲೆಯನ್ನು ಪಕ್ಕಪಕ್ಕ ಇಟ್ಟರೆ ನ್ಯಾಯವಲ್ಲ. ನಾನು ಪಕ್ಕಪಕ್ಕ ಇಡುವುದು ಷರತ್ತುಗಳನ್ನು.

ಅಲ್ಲಿ ಒಬ್ಬ ಮಾಲೀಕ, ಬಾಡಿಗೆಯವರು ನೂರು. ಮಾಲೀಕನ ಹತ್ತಿರ ವಕೀಲ ಇದ್ದಾನೆ, ಲೆಕ್ಕದವನಿದ್ದಾನೆ. ಅವನು ಬರೆದ ಫಾರ್ಮಿಗೆ ಬಾಡಿಗೆಯವರು ಸೈನ್ ಹಾಕುತ್ತಾರೆ. ನಮ್ಮಲ್ಲಿ ತಿರುಗುಮುರುಗು. ಸಾವಿರಾರು ಮಾಲೀಕರು, ಹಿಡಿಯುವವರು ಒಬ್ಬರೇ. ಮೂರು ಎಕರೆಯವನು ಒಬ್ಬನೇ ಹೋಗಿ "ಈ ಷರತ್ತು ಬದಲಾಯಿಸಿ" ಅಂದರೆ ಯಾರು ಕೇಳ್ತಾರೆ? ಮಾಲೀಕ ಅನ್ನೋ ಹೆಸರಿನಿಂದ ಬಲ ಬರೋದಿಲ್ಲ, ಒಟ್ಟಿಗೆ ಕೂತರೆ ಬರ್ತದೆ.

ಏರಿಕೆಯ ಲೆಕ್ಕ

ಬಾಡಿಗೆ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಏರಿಕೆ ಎಷ್ಟು ಅಂತ ಕೇಳೋರು ಕಮ್ಮಿ. ಎಕರೆಗೆ 21,000ದಿಂದ ಶುರು ಮಾಡಿ. ಎರಡು ವರ್ಷಕ್ಕೆ ಶೇ. 5 ಏರಿದರೆ ಹತ್ತನೇ ವರ್ಷಕ್ಕೆ 25,525 ರೂ., ಇಪ್ಪತ್ತೇಳನೇ ವರ್ಷಕ್ಕೆ 39,598 ರೂ. ಅದೇ ದುಡ್ಡು ಆಫೀಸು ಪಾರ್ಕಿನ ಥರ ಮೂರು ವರ್ಷಕ್ಕೆ ಶೇ. 15 ಏರಿದರೆ ಹತ್ತನೇ ವರ್ಷಕ್ಕೆ 31,938 ರೂ., ಇಪ್ಪತ್ತೇಳನೇ ವರ್ಷಕ್ಕೆ 64,239 ರೂ. ಆರಂಭ ಒಂದೇ. ಒಂದು ಸಾಲಿನ ವ್ಯತ್ಯಾಸಕ್ಕೆ ಕೊನೆಯಲ್ಲಿ ಎಕರೆಗೆ ವರ್ಷಕ್ಕೆ ಇಪ್ಪತ್ನಾಲ್ಕು ಸಾವಿರಕ್ಕೂ ಹೆಚ್ಚು ವ್ಯತ್ಯಾಸ.

ಇನ್ನೊಂದು ರೀತಿ ನೋಡಿ. ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 2016-17ರಲ್ಲಿ 224 ರೂ. ಇತ್ತು, 2024-25ರಲ್ಲಿ 349 ರೂ. ಆಯಿತು. ಎಂಟು ವರ್ಷದಲ್ಲಿ ಶೇ. 55ಕ್ಕೂ ಹೆಚ್ಚು. 2016ರಲ್ಲಿ ಕೊಟ್ಟ ಎಕರೆಯ ಬಾಡಿಗೆ ಅಷ್ಟೇ ಅವಧಿಯಲ್ಲಿ ಏರಿದ್ದು ಸುಮಾರು ಶೇ. 21. ಆವಾಗ ಒಂದು ಎಕರೆಯ ಬಾಡಿಗೆಗೆ 93 ಆಳಿನ ಕೂಲಿ ಸಿಗುತ್ತಿತ್ತು. 2024-25ರಲ್ಲಿ 73 ಆಳಿಗೆ ಇಳಿಯಿತು. ದುಡ್ಡು ಬೆಳೆದಿದೆ, ದುಡ್ಡಿನ ತೂಕ ಇಳಿದಿದೆ.

ಆಮೇಲೆ ಕೇಳಿ ಹೆಚ್ಚಿಸಿಕೊಳ್ಳೋಣ ಅನ್ನೋರಿಗೆ ಒಂದು ಮಾತು. ಕರೆಂಟ್ ಕಂಪನಿ ಯೂನಿಟ್ಟಿಗೆ ಎಷ್ಟಕ್ಕೆ ಮಾರಬೇಕು ಅಂತ ಹರಾಜಿನಲ್ಲಿ ತೀರ್ಮಾನವಾಗಿ, ಸಾಮಾನ್ಯವಾಗಿ 25 ವರ್ಷಕ್ಕೆ ಮೊದಲೇ ಬರೆದಿರುತ್ತದೆ. ಅವರ ಆದಾಯಕ್ಕೆ ಗೂಟ ಬಿದ್ದ ಮೇಲೆ ನಾವು ಹೋಗಿ ಬಾಗಿಲು ತಟ್ಟಿದರೆ ಎಲ್ಲಿಂದ ಕೊಡ್ತಾರೆ? ನಮ್ಮ ಏರಿಕೆ ಹರಾಜಿಗೆ ಮುಂಚೆ ಕಾಗದಕ್ಕೆ ಬರಬೇಕು. ಆಗ ಹರಾಜು ಕೂಗುವವರು ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಕೂಗುತ್ತಾರೆ. ಬಿತ್ತನೆಗೆ ಮುಂಚೆ ಗೊಬ್ಬರ ಹಾಕಬೇಕು, ಕೊಯ್ಲಿಗೆ ಬಂದಾಗ ಹಾಕಿದರೆ ಏನು ಪ್ರಯೋಜನ?

ನಮಗೆ ಕಾಗದ ಅಂದರೆ ಯಾಕೆ ಭಯ

ನಮ್ಮಪ್ಪ ಬೇರೆಯವರ ಜಮೀನು ವಾರಕ್ಕೆ ಮಾಡುತ್ತಿದ್ದರು. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಫಾರಂ ನಂಬರ್ ಏಳು ಕೊಟ್ಟು, ನ್ಯಾಯಮಂಡಳಿಗೆ ಅಲೆದು, ಈಗ ನಾನು ಉಳುತ್ತಿರುವ ಕೆಳಗಿನ ಮೂರು ಎಕರೆಗೆ ಒಡೆಯರಾದರು. ಆ ಕಾನೂನು ಬೇಸಾಯದ ಜಮೀನನ್ನು ಗುತ್ತಿಗೆಗೆ ಕೊಡುವುದನ್ನೇ ನಿಲ್ಲಿಸಿತು. ಒಳ್ಳೆಯದೇ ಆಯಿತು. ಆದರೆ ಅಂದಿನಿಂದ ನಮ್ಮ ಕಡೆ ವಾರ, ಗುತ್ತಿಗೆ ಏನೇ ನಡೆದರೂ ಬಾಯಿಮಾತಿನಲ್ಲೇ ನಡೀತದೆ. ಕಾಗದ ಮಾಡಿದರೆ ಜಮೀನು ಹೋಗ್ತದೆ ಎಂಬ ಭಯ. ಐವತ್ತು ವರ್ಷ ಕರಾರು ಬರೆಯುವ ಅಭ್ಯಾಸವೇ ನಮಗಿಲ್ಲ. ಆ ಹೊತ್ತಿಗೆ ಕರಾರು ಬರೆಯೋದೇ ಕಸುಬು ಮಾಡಿಕೊಂಡವರು ಬಂದು ಎದುರಿಗೆ ಕೂತಿದ್ದಾರೆ.

ಅಪ್ಪ ಉಳುವವನು ಅಂತ ಒಡೆಯನಾದ. ಮಗ ಉಳುವುದು ಬಿಟ್ಟು ಬಾಡಿಗೆ ತಿನ್ನುವ ಒಡೆಯನಾಗಲು ಹೊರಟಿದ್ದಾನೆ. ಇದು ನನಗೆ ಒಳಗೊಳಗೇ ಚುಚ್ಚುತ್ತದೆ. ಮುಚ್ಚಿಡುವುದಿಲ್ಲ.

ಏನು ಕೇಳಬೇಕು

ನಾನು ವಕೀಲನಲ್ಲ. ಸುಟ್ಟುಕೊಂಡವನು ಅಷ್ಟೆ. ಸೋಲಾರ್ ಇರಲಿ, ಗಾಳಿಯಂತ್ರ ಇರಲಿ, ಟವರು, ಗೋಡೌನು ಏನೇ ಇರಲಿ, ನೆಲ ಬಾಡಿಗೆಗೆ ಕೇಳಿದರೆ ಇವಿಷ್ಟು ನೋಡಿಕೊಳ್ಳಿ.

ಒಂದು: ಮೊದಲು ಮನೆ ಕಾಗದ. ಪೌತಿ ಖಾತೆ, ವಿಭಾಗ, ಪೋಡಿ ಮುಗಿಸಿ. ಹೆಣ್ಣುಮಕ್ಕಳ ಪಾಲೂ ಸೇರಿಸಿ. ಬದು ಕೆಡವಿ ಮಟ್ಟ ಮಾಡಿದ ಮೇಲೆ ನಿಮ್ಮ ನೆಲ ಎಲ್ಲಿತ್ತು ಅಂತ ಹೇಳೋದು ಸರ್ವೆ ನಕ್ಷೆ ಒಂದೇ.

ಎರಡು: ಕರಾರು ಕನ್ನಡದಲ್ಲೂ ಇರಲಿ, ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿರಲಿ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ನೋಂದಣಿ ಆಗಬೇಕು ಅಂತ ಕಾನೂನಿದೆ. ಬರೀ ಛಾಪಾ ಕಾಗದದಲ್ಲಿ ಸೈನ್ ಹಾಕಿ ಸುಮ್ಮನಾಗಬೇಡಿ.

ಮೂರು: ಏರಿಕೆ ಬೆಲೆ ಏರಿದ ಹಾಗೆ ಏರಬೇಕು. ನಡುವೆ ಬಿಟ್ಟು ಹೋದರೆ ಎಷ್ಟು ವರ್ಷದ ಬಾಡಿಗೆ ಕೊಡಬೇಕು ಅಂತಲೂ ಬರೆಸಿ.

ನಾಲ್ಕು: ಕಂಪನಿ ಕೈ ಬದಲಾದರೆ ಬಾಡಿಗೆ ಯಾರ ಜವಾಬ್ದಾರಿ? ಹೆಸರಿಟ್ಟು ಬರೆಸಿ.

ಐದು: ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು, ವೈರು, ಒಡೆದ ಗಾಜು ತೆಗೆದು, ಕಲ್ಲು ನೆಡಿಸಿ, ನೆಲವನ್ನು ಉಳುವ ಹಾಗೆ ಮಾಡಿಕೊಡೋರು ಯಾರು? ಅದಕ್ಕೆ ಮುಂಗಡ ಎಲ್ಲಿದೆ? ವೈಟ್‌ಫೀಲ್ಡಿನಲ್ಲಿ ಒಂದು ಮೊಳೆಗೆ ಸಹ ಮುಂಗಡ ಇದೆ. ಸಾವಿರಾರು ಕಂಬ ಹುಗಿಸಿಕೊಳ್ಳುವ ನಮ್ಮ ನೆಲಕ್ಕೂ ಇರಬೇಕು.

ಆರು: ಆ ಜಮೀನಿನ ಮೇಲೆ ಮುಂದೆ ಬೆಳೆ ಸಾಲ, ಬೆಳೆ ವಿಮೆ ಸಿಗುತ್ತದೋ ಇಲ್ಲವೋ, ಸೈನ್ ಹಾಕುವ ಮುಂಚೆ ಬ್ಯಾಂಕಿನಲ್ಲಿ ಬಾಯಿಬಿಟ್ಟು ಕೇಳಿ.

ಏಳನೇದು ನಮ್ಮ ಕಾಗದದಲ್ಲಿ ಇರದವರ ಮಾತು. ನಮ್ಮ ಹೊಲದಲ್ಲಿ ಕಳೆ ಕಿತ್ತು, ಕಡ್ಲೆಕಾಯಿ ಬಿಡಿಸಿ ಬದುಕಿದ ಹೆಣ್ಣಾಳುಗಳಿದ್ದಾರೆ. ಬೀಳಿನಲ್ಲಿ ಕುರಿ ಮೇಯಿಸೋರಿದ್ದಾರೆ. ಬೇಲಿ ಬಿದ್ದ ದಿನ ನಮಗೆ ಬಾಡಿಗೆ ಶುರುವಾಗುತ್ತದೆ, ಅವರಿಗೆ ಕೂಲಿ, ಮೇವು ನಿಲ್ಲುತ್ತದೆ. ಫಲಕ ತೊಳೆಯೋದು, ಹುಲ್ಲು ಕೀಳೋದು, ಕಾವಲು, ಇವು ಮೊದಲು ಅವರಿಗೆ ಸಿಗಲಿ, ಫಲಕದ ನಡುವಿನ ಹುಲ್ಲು ಅವರ ಕುರಿಗೆ ಸಿಗಲಿ ಅಂತ ನಾವು ಕೇಳದಿದ್ದರೆ ಯಾರು ಕೇಳ್ತಾರೆ?

ಇದನ್ನೆಲ್ಲ ಕೇಳಲು ನಮಗೆ ಹಕ್ಕಿಲ್ಲ ಅಂದುಕೊಳ್ಳಬೇಡಿ. ಮೆಟ್ರೊ ಬಂತು ಅಂತ ಬೆಂಗಳೂರಿನ ಮಾಲೀಕ ಬಾಡಿಗೆ ಏರಿಸುತ್ತಾನೆ. ನಮ್ಮ ನೆಲಕ್ಕೂ ಈಗ ಅಂಥದ್ದೇ ಅನುಕೂಲ ಬಂದಿದೆ. ಬಿಸಿಲಿದೆ, ಒತ್ತಾಗಿ ಸಿಗುವ ಸಾವಿರಾರು ಎಕರೆ ಇದೆ, ಪಕ್ಕದಲ್ಲಿ ರಸ್ತೆ, ವಿದ್ಯುತ್ ಸ್ಟೇಷನ್, ಲೈನು ಆಗಲೇ ನಿಂತಿವೆ. ಇವಿಲ್ಲದ ಕಡೆ ಹೋದರೆ ಅವರಿಗೆ ಖರ್ಚು ಜಾಸ್ತಿ. ನಮ್ಮನ್ನು ಹುಡುಕಿಕೊಂಡು ಬರೋದು ಪ್ರೀತಿಗಲ್ಲ.

ನನ್ನ ತೀರ್ಮಾನ

ಮಗನಿಗೂ ಅವನ ತಾಯಿಗೂ ಒಟ್ಟಿಗೆ ಕೂರಿಸಿ ಹೇಳಿದ್ದೇನೆ. ಮೇಲಿನ ನಾಲ್ಕು ಎಕರೆ ಗರಸು ಬೇಕಾದರೆ ಕೊಡೋಣ, ಆದರೆ ನಾನೊಬ್ಬನೇ ಹೋಗಿ ಸೈನ್ ಹಾಕೋದಿಲ್ಲ. ಊರಿನವರು ಒಟ್ಟಿಗೆ ಕೂತು, ಒಬ್ಬ ವಕೀಲರಿಗೆ ಎಲ್ಲರೂ ಸೇರಿ ಫೀಜು ಕೊಟ್ಟು, ಒಂದೇ ಕರಾರು ಮಾಡಿಸಿದರೆ ಮಾತ್ರ. ಅಪ್ಪ ಫಾರಂ ಏಳು ಹಿಡಿದು ಅಲೆದು ತಂದ ಕೆಳಗಿನ ಮೂರು ಎಕರೆ ಯಾವ ಬಾಡಿಗೆಗೂ ಇಲ್ಲ. ಅಲ್ಲಿ ಹುಣಸೆ ಇದೆ, ಮನೆಗೆ ಬೇಕಾದ ತೊಗರಿ, ಅವರೆ ಆಗ್ತದೆ, ಎರಡು ಹಸುವಿಗೆ ಮೇವಾಗ್ತದೆ. ಬೆಳಗ್ಗೆ ಎದ್ದು ಹೋಗಲಿಕ್ಕೆ ಒಂದು ಜಾಗ ಇರ್ತದೆ.

ಮಗ ಪೂರ್ತಿ ಒಪ್ಪಿಲ್ಲ. "ನೀನು ಹೇಳೋ ಷರತ್ತು ಯಾರು ಒಪ್ತಾರೆ?" ಅಂತಾನೆ. ಒಪ್ಪದಿದ್ದರೆ ಮುಂಗಾರಿಗೆ ಎಂದಿನಂತೆ ಕೂರಿಗೆ ಕಟ್ಟೋದು, ಅಷ್ಟೆ. 28 ವರ್ಷ ಮುಗಿಯುವ ಹೊತ್ತಿಗೆ ನಾನು ಇರ್ತೀನೋ ಇಲ್ಲವೋ. ನೆಲ ವಾಪಸು ತಗೊಳ್ಳೋನು ಅವನು, ಇಲ್ಲ ಅವನ ಮಗ. ಅವರ ನೇಗಿಲಿಗೆ ನನ್ನ ಟವರಿನ ಕಟ್ಟೆಯಂಥದ್ದು ಸಿಗಬಾರದು.

ಈಗಾಗಲೇ ಜಮೀನು ಗುತ್ತಿಗೆಗೆ ಕೊಟ್ಟ ರೈತರು ತಮ್ಮ ಕರಾರಿನಲ್ಲಿ ಒಳ್ಳೇದು ಏನಿದೆ, ಬಿಟ್ಟುಹೋದದ್ದು ಏನಿದೆ ಅಂತ ಇದೇ ಪತ್ರಿಕೆಗೆ ಬರೆಯಿರಿ. ಹೊಸದಾಗಿ ಸೈನ್ ಹಾಕಲಿರುವವರಿಗೆ ಅದು ದಾರಿ ತೋರಿಸುತ್ತದೆ.